ಪ್ರೋಟೀನಿಗೆ ದಾರಿ ಹೇಳುವವರು ಯಾರು?

ಪ್ರಶ್ನೆ: ನಾನು ಬದಿಯಡ್ಕ ಹತ್ತಿರದವಳು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಈಗ ಪ್ಲಸ್ ವನ್ ಸಯನ್ಸ್. ಗಾಲ್ಜಿ ಎಂದರೆ ಪ್ರೋಟೀನುಗಳನ್ನು ಪ್ಯಾಕ್ ಮಾಡಿ ಕಳಿಸುವ ಜಾಗ ಎಂದು ಓದಿದೆ. ಒಂದು ಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನು ಇರುತ್ತವಲ್ಲ, ಯಾವುದು ಎಲ್ಲಿಗೆ ಹೋಗಬೇಕು ಅಂತ ಹೇಳುವವರು ಯಾರು? ತಪ್ಪಿ ಬೇರೆ ಕಡೆ ಹೋದರೆ ಏನಾಗುತ್ತದೆ? ಇನ್ನೊಂದು ಪ್ರಶ್ನೆ ನನ್ನ ಅಜ್ಜಿಯದ್ದು. ಅವರು ಮಾತ್ರೆಯ ಜೊತೆಗೆ ಇನ್ಸುಲಿನ್ ಕೂಡ ತೆಗೆದುಕೊಳ್ಳುತ್ತಾರೆ. ಅದೂ ಒಂದು ಪ್ರೋಟೀನು ಎಂದು ನಾನು ಹೇಳಿದಾಗ, "ಹಾಗಾದರೆ ಅದನ್ನೂ ಮಾತ್ರೆ ಮಾಡಿ ಕೊಡಬಹುದಲ್ಲ, ದಿನಾ ಯಾಕೆ ಚುಚ್ಚಬೇಕು?" ಎಂದು ಕೇಳಿದರು. ನನಗೆ ಹೇಳಲು ಗೊತ್ತಾಗಲಿಲ್ಲ.

ಉತ್ತರ: ಮೊದಲು ನೇರ ಉತ್ತರ ಕೊಡುತ್ತೇನೆ. ದಾರಿ ಹೇಳುವವರು ಅಂತ ಕೋಶದೊಳಗೆ ಯಾರೂ ಇಲ್ಲ. ಎಲ್ಲಿಗೆ ಹೋಗಬೇಕು ಎಂಬ ಗುರುತು ಪ್ರೋಟೀನಿನ ಮೈಯಲ್ಲೇ ಇರುತ್ತದೆ. ಪ್ರೋಟೀನು ಎಂದರೆ ಅಮೈನೋ ಆಮ್ಲ ಎಂಬ ಸಣ್ಣ ಅಣುಗಳ ಉದ್ದ ಸಾಲು. ಆ ಸಾಲಿನಲ್ಲಿ ಒಂದು ಸಣ್ಣ ತುಂಡು, ಅದೇ ಗುರುತು. ಆ ತುಂಡಿನ ಆಕಾರಕ್ಕೂ ಗುಣಕ್ಕೂ ಸರಿಯಾಗಿ ಹೊಂದುವ ಬೇರೊಂದು ಪ್ರೋಟೀನು ಎದುರು ಸಿಕ್ಕಿದರೆ ಎರಡೂ ಅಂಟಿಕೊಳ್ಳುತ್ತವೆ. ಅಂಟಿಕೊಂಡರೆ ಮುಂದಿನ ದಾರಿ ತೆರೆಯುತ್ತದೆ. ಹೊಂದುವಂಥದ್ದು ಸಿಗದಿದ್ದರೆ ಆ ದಾರಿ ತೆರೆಯುವುದಿಲ್ಲ. ಗಾಲ್ಜಿ ಇನ್ನೂ ಕೆಲವು ಗುರುತುಗಳನ್ನು ಸೇರಿಸುತ್ತದೆ ನಿಜ. ಆದರೆ ಕೆಲಸ ಶುರುವಾಗುವುದು ಗಾಲ್ಜಿಗಿಂತ ಎಷ್ಟೋ ಮೊದಲು. ಇನ್ನೊಂದು ಮಾತೂ ಇದೆ. ಪ್ಯಾಕ್ ಮಾಡುವುದು, ಸಾಗಿಸುವುದು ಎಂದಷ್ಟೇ ಓದಿದರೆ ಈ ವಿಷಯದ ಜೀವಾಳ ತಪ್ಪಿಹೋಗುತ್ತದೆ. ಸರಿ ಇಲ್ಲದ ಪ್ರೋಟೀನನ್ನು ತಡೆದು ನಿಲ್ಲಿಸುವುದಕ್ಕೆ ಕೋಶ ಪಡುವ ಶ್ರಮ ಬಹಳ ದೊಡ್ಡದು. ನಮಗೆ ಬರುವ ಎಷ್ಟೋ ಕಾಯಿಲೆಗಳ ಬೇರು ಅಲ್ಲಿದೆ.

ಅಜ್ಜಿಯ ಇನ್ಸುಲಿನ್ನನ್ನೇ ಹಿಡಿದುಕೊಂಡು ಹೋಗೋಣ. ಇದು ತಯಾರಾಗುವುದು ಪ್ಯಾಂಕ್ರಿಯಾಸಿನ, ಅಂದರೆ ಮೇದೋಜೀರಕ ಗ್ರಂಥಿಯ, ಬೀಟಾ ಕೋಶಗಳಲ್ಲಿ. ಅಲ್ಲಿ ರೈಬೋಸೋಮ್ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಜೋಡಿಸುತ್ತಾ ಹೋಗುತ್ತದೆ. ಪೂರ್ತಿಯಾದರೆ 110 ಅಮೈನೋ ಆಮ್ಲಗಳ ಸಾಲು. ಆದರೆ ಅಜ್ಜಿಯ ಸಿರಿಂಜಿನಲ್ಲಿರುವ ಮನುಷ್ಯರ ಇನ್ಸುಲಿನ್ನಿನಲ್ಲಿ ಇರುವುದು 51 ಮಾತ್ರ. ಉಳಿದ 59 ಎಲ್ಲಿಗೆ ಹೋದವು? ಇದಕ್ಕೆ ಉತ್ತರ ಹುಡುಕಿದರೆ ನಿಮ್ಮ ಮೊದಲ ಪ್ರಶ್ನೆಗೆ ಉತ್ತರ ಅರ್ಧಕ್ಕಿಂತ ಜಾಸ್ತಿ ಸಿಕ್ಕಂತೆ.

ಸಾಲಿನ ತುದಿಯಲ್ಲಿ ಮೊದಲು ಹೊರಗೆ ಬರುವ 24 ಅಮೈನೋ ಆಮ್ಲಗಳೇ ಗುರುತು. ಇದಕ್ಕೆ ಸಿಗ್ನಲ್ ಪೆಪ್ಟೈಡ್ ಎಂದು ಹೆಸರು. ಇದರ ನಡುಭಾಗಕ್ಕೆ ನೀರೆಂದರೆ ಆಗದು, ಎಣ್ಣೆಯ ಸ್ವಭಾವ. ಈ ತುಂಡು ರೈಬೋಸೋಮಿನಿಂದ ತಲೆ ಹೊರಗೆ ಹಾಕುತ್ತಿದ್ದ ಹಾಗೆ ಎಸ್‌ಆರ್‌ಪಿ ಎಂಬ ಕಣ ಅದನ್ನು ಹಿಡಿದುಕೊಳ್ಳುತ್ತದೆ. ಜೋಡಿಸುವ ಕೆಲಸ ಸ್ವಲ್ಪ ಹೊತ್ತು ನಿಧಾನವಾಗುತ್ತದೆ. ಅಷ್ಟರಲ್ಲಿ ರೈಬೋಸೋಮ್ ಸಮೇತ ಎಲ್ಲವೂ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನ ಪೊರೆಗೆ ಬಂದು ತಾಗುತ್ತದೆ. ಇದು ಕೋಶದೊಳಗೆ ಪೊರೆಗಳಿಂದಾದ ಚೀಲ, ಕೊಳವೆಗಳ ಜಾಲ. ಇನ್ನು ಮುಂದೆ ಇದನ್ನು ಇ.ಆರ್. ಎನ್ನುತ್ತೇನೆ. ಆ ಪೊರೆಯಲ್ಲಿ ಒಂದು ಸಣ್ಣ ರಂಧ್ರವಿದೆ. ಎಳೆ ತಯಾರಾಗುತ್ತಾ ಇರುವಾಗಲೇ ಅದರ ಮೂಲಕ ಒಳಗೆ ಇಳಿಯುತ್ತದೆ. ಒಳಗೆ ಇಳಿದ ಮೇಲೆ ಆ 24ರ ತುಂಡನ್ನು ಒಂದು ಕಿಣ್ವ ಕತ್ತರಿಸಿ ಹಾಕುತ್ತದೆ. ಅದರ ಕೆಲಸ ಮುಗಿಯಿತಲ್ಲ.

ಪಾಠದ ಚಿತ್ರದಲ್ಲಿ ಒರಟು ಇ.ಆರ್. ಮೇಲೆ ಚುಕ್ಕಿ ಚುಕ್ಕಿ ರೈಬೋಸೋಮ್ ಬಿಡಿಸಿರುತ್ತಾರೆ, ಅಲ್ವಾ? ಅವು ಖಾಯಂ ಅಲ್ಲಿ ಕೂತಿರುವ ಬೇರೆ ಜಾತಿಯ ರೈಬೋಸೋಮ್‌ಗಳು ಎಂದು ತುಂಬಾ ಮಕ್ಕಳು ತಿಳಿದಿರುತ್ತಾರೆ. ಹಾಗಿಲ್ಲ. ಕೋಶದ ದ್ರವದಲ್ಲಿ ತೇಲುವ ರೈಬೋಸೋಮೂ ಇದೂ ಒಂದೇ. ಕೈಯಲ್ಲಿ ಸಿಗ್ನಲ್ ಪೆಪ್ಟೈಡ್ ಇರುವ ಎಳೆ ಸಿಕ್ಕಿತೋ, ಅದು ಇ.ಆರ್.ಗೆ ಬರುತ್ತದೆ. ಕೆಲಸ ಮುಗಿದ ಮೇಲೆ ಬಿಟ್ಟು ಹೋಗುತ್ತದೆ.

ಈ ಗುರುತಿನ ವಿಚಾರವನ್ನು 1971ರಲ್ಲಿ ಗುಂಟರ್ ಬ್ಲೋಬೆಲ್ ಮತ್ತು ಡೇವಿಡ್ ಸಬಾಟಿನಿ ಮೊದಲು ಮುಂದಿಟ್ಟರು. ಆಗ ಅದು ಬರೀ ಊಹೆ. 1975ರ ಹೊತ್ತಿಗೆ ಬ್ಲೋಬೆಲ್ ಅದಕ್ಕೆ ಗಟ್ಟಿ ಆಧಾರ ಕೊಟ್ಟರು. 1999ರಲ್ಲಿ ಅವರಿಗೆ ನೊಬೆಲ್ ಬಂತು. ಎರಡನೇ ಮಹಾಯುದ್ಧದಲ್ಲಿ ಡ್ರೆಸ್ಡೆನ್ ನಗರ ಸುಟ್ಟುಹೋದದ್ದನ್ನು ಅವರು ಹುಡುಗನಾಗಿದ್ದಾಗ ನೋಡಿದ್ದರು. ಬಹುಮಾನದ ಹೆಚ್ಚುಕಡಿಮೆ ಎಲ್ಲಾ ಹಣವನ್ನೂ ಆ ಊರನ್ನು ಮತ್ತೆ ಕಟ್ಟುವುದಕ್ಕೆ ಕೊಟ್ಟರು. ಪರೀಕ್ಷೆಗೆ ಇದು ಬೇಕಾಗಿಲ್ಲ. ಆದರೂ ನನಗೆ ಇಷ್ಟವಾದ ಸಂಗತಿ, ಅದಕ್ಕೆ ಹೇಳಿದೆ.

ಎಲ್ಲಾ ಪ್ರೋಟೀನೂ ಇ.ಆರ್. ದಾರಿ ಹಿಡಿಯುವುದಿಲ್ಲ. ಕೋಶಕೇಂದ್ರಕ್ಕೆ ಹೋಗಬೇಕಾದವಕ್ಕೆ ಬೇರೆ ಗುರುತು, ಮೈಟೋಕಾಂಡ್ರಿಯಕ್ಕೆ ಬೇರೆ. ಯಾವ ಗುರುತೂ ಇಲ್ಲದವು ಕೋಶದ ದ್ರವದಲ್ಲೇ ಉಳಿಯುತ್ತವೆ. ಇ.ಆರ್. ಒಳಗೆ ಹೋದದ್ದೆಲ್ಲಾ ಕೋಶದಿಂದ ಹೊರಗೆ ಬರುತ್ತದೆ ಎಂದೂ ಇಲ್ಲ. ನಾವು ದಿನಾ ತುರಿಯುವ ತೆಂಗಿನಕಾಯಿಯನ್ನೇ ನೋಡಿ. ಅದರ ತಿರುಳಿನ ಮುಖ್ಯ ಪ್ರೋಟೀನಿನ ಹೆಸರು ಕೊಕೋಸಿನ್. ಅದು ಇ.ಆರ್. ಮೂಲಕವೇ ಬರುತ್ತದೆ. ಆದರೆ ಹೊರಗೆ ಹೋಗದೆ ಕೋಶದೊಳಗೇ ಶೇಖರಣೆಯ ಚೀಲಗಳಿಗೆ ಸೇರುತ್ತದೆ. ಮೊಳಕೆ ಬರುವಾಗ ಸಸಿಗೆ ಅದೇ ಊಟ.

ಈಗ ಇ.ಆರ್. ಒಳಗಿನ ಕೆಲಸ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಒಳಗೆ ಇಳಿದಾಗ ಪ್ರೋಟೀನು ಬರೀ ಒಂದು ಎಳೆ. ಎಳೆಗೆ ಯಾವ ಶಕ್ತಿಯೂ ಇಲ್ಲ. ಅದು ಸರಿಯಾಗಿ ಮಡಚಿಕೊಂಡು ತನ್ನ ಆಕಾರಕ್ಕೆ ಬಂದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಇನ್ಸುಲಿನ್ನಿಗೆ ಮೂರು ಕಡೆ ಗಂಧಕದ ಬಂಧ ಬೀಳಬೇಕು. ಅದೂ ಸರಿಯಾದ ಜೋಡಿಗಳ ನಡುವೆ. ಇ.ಆರ್. ಹೊರಗಿರುವ ಕೋಶದ ದ್ರವದಲ್ಲಿ ಇಂಥ ಬಂಧ ನಿಲ್ಲುವುದು ಕಷ್ಟ. ಇ.ಆರ್. ಒಳಗಿನ ರಾಸಾಯನಿಕ ವಾತಾವರಣ ಇದಕ್ಕೆ ಅನುಕೂಲ. ತಪ್ಪು ಜೋಡಿ ಬಿದ್ದರೆ ಬಿಚ್ಚಿ ಮತ್ತೆ ಹಾಕುವ ಕಿಣ್ವಗಳೂ ಅಲ್ಲಿವೆ. ಎಳೆಗಳು ಒಂದಕ್ಕೊಂದು ಅಂಟಿ ಮುದ್ದೆಯಾಗದಂತೆ ಹಿಡಿದುಕೊಳ್ಳುವ ಪ್ರೋಟೀನುಗಳು ಇವೆ. ಅವಕ್ಕೆ ಚಾಪೆರೋನ್ ಎನ್ನುತ್ತಾರೆ.

ಪರೀಕ್ಷೆ ನಡೆಯುವುದೂ ಇಲ್ಲೇ. ನಿಮ್ಮ ಕಡೆ ಅಂಗಳದಲ್ಲಿ ಒಣಗಿದ ಅಡಿಕೆ ಸುಲಿದ ಮೇಲೆ ಹೆಕ್ಕುವುದಕ್ಕೆ ಕೂರುತ್ತಾರಲ್ಲ. ಒಳ್ಳೆ ಚಾಲಿ ಒಂದು ಕಡೆ, ಪಟೋರ ಒಂದು ಕಡೆ, ಕರಿಗೋಟು ಇನ್ನೊಂದು ಕಡೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡದೆ ಮೂಟೆಗೆ ಹಾಕುವುದಿಲ್ಲ. ಇ.ಆರ್. ಮಾಡುವುದು ಹೆಚ್ಚುಕಡಿಮೆ ಇದನ್ನೇ. ಒಂದು ವ್ಯತ್ಯಾಸವಿದೆ. ಅಡಿಕೆಯಲ್ಲಿ ಎರಡನೇ ದರ್ಜೆಗೂ ಒಂದು ರೇಟು ಸಿಗುತ್ತದೆ. ಇಲ್ಲಿ ಸಿಗುವುದಿಲ್ಲ.

ಹೆಕ್ಕುವುದು ಹೇಗೆ? ಬಹಳಷ್ಟು ಪ್ರೋಟೀನುಗಳಿಗೆ ಇ.ಆರ್. ಒಳಗೆ ಬರುತ್ತಿದ್ದಂತೆ 14 ಸಕ್ಕರೆ ಅಣುಗಳ ಒಂದು ಗೊಂಚಲು ಅಂಟಿಸಲಾಗುತ್ತದೆ. ಅದರ ತುದಿಯಲ್ಲಿ ಮೂರು ಗ್ಲೂಕೋಸ್. ಆ ಗ್ಲೂಕೋಸುಗಳನ್ನು ಕಿಣ್ವಗಳು ಒಂದೊಂದಾಗಿ ತೆಗೆಯುತ್ತವೆ. ಎಲ್ಲಾ ತೆಗೆದ ಮೇಲೂ ಪ್ರೋಟೀನು ಸರಿಯಾಗಿ ಮಡಚಿಕೊಂಡಿಲ್ಲ ಎಂದರೆ ಇನ್ನೊಂದು ಕಿಣ್ವ ಬಂದು ಒಂದು ಗ್ಲೂಕೋಸನ್ನು ಮತ್ತೆ ಅಂಟಿಸುತ್ತದೆ. ಅದು ಅಂಟಿದರೆ ಪ್ರೋಟೀನನ್ನು ಮತ್ತೆ ಚಾಪೆರೋನ್ ಹಿಡಿದುಕೊಳ್ಳುತ್ತದೆ. ಮತ್ತೊಮ್ಮೆ ಮಡಚಿಕೊಳ್ಳಲು ಅವಕಾಶ. ಇನ್ಸುಲಿನ್ನಿಗೆ ಈ ಗೊಂಚಲಿಲ್ಲ. ಅದಕ್ಕೆ ಬೇರೆ ಚಾಪೆರೋನ್‌ಗಳು ಸಾಕು. ಎಷ್ಟು ಸಲ ನೋಡಿದರೂ ಸರಿಯಾಗದ ಪ್ರೋಟೀನನ್ನು ಇ.ಆರ್.ನಿಂದ ಹೊರಗೆ ಎಳೆದು, ಯುಬಿಕ್ವಿಟಿನ್ ಎಂಬ ಸಣ್ಣ ಪ್ರೋಟೀನನ್ನು ಅದಕ್ಕೆ ಅಂಟಿಸಿ, ಪ್ರೋಟೀನು ಒಡೆಯುವ ಪ್ರೋಟಿಯಾಸೋಮಿಗೆ ಕೋಶ ಕೊಡುತ್ತದೆ. ಅಲ್ಲಿ ಅದು ಚೂರು ಚೂರು. ಅಮೈನೋ ಆಮ್ಲಗಳು ಮಾತ್ರ ವಾಪಸ್ ಉಪಯೋಗಕ್ಕೆ. ಯುಬಿಕ್ವಿಟಿನ್ ಕೆಲಸವನ್ನು ಕಂಡುಹಿಡಿದ ಮೂವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಈ ಪರೀಕ್ಷೆ ಎಷ್ಟು ಕಟ್ಟುನಿಟ್ಟು ಎಂಬುದಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಕಾಯಿಲೆ ಸಾಕ್ಷಿ. ಶ್ವಾಸಕೋಶದ ಲೋಳೆ ಗಟ್ಟಿಯಾಗಿ ಮಕ್ಕಳು ಉಸಿರಿಗೆ ಒದ್ದಾಡುವ ಕಾಯಿಲೆ ಇದು. ಸಿಎಫ್‌ಟಿಆರ್ ಎಂಬ ಪ್ರೋಟೀನು ಕೋಶದ ಹೊರಪೊರೆಗೆ ಹೋಗಿ ಕ್ಲೋರೈಡನ್ನು ದಾಟಿಸಬೇಕು. ಆ ಪ್ರೋಟೀನಿನಲ್ಲಿ 1480 ಅಮೈನೋ ಆಮ್ಲಗಳಿವೆ. ಬಹಳಷ್ಟು ರೋಗಿಗಳಲ್ಲಿ 508ನೆಯದು ಒಂದೇ ಒಂದು ಇರುವುದಿಲ್ಲ. ಅಷ್ಟಕ್ಕೇ ಇ.ಆರ್. ಅದನ್ನು ಬಿಡುವುದಿಲ್ಲ. ಹೇಗಾದರೂ ಪೊರೆಗೆ ತಲುಪಿದರೆ ಈ ಪ್ರೋಟೀನು ಸ್ವಲ್ಪ ಮಟ್ಟಿಗೆ ಕೆಲಸ ಮಾಡುತ್ತದೆ ಎಂದು ಪ್ರಯೋಗಗಳಲ್ಲಿ ಗೊತ್ತಾಯಿತು. ಅದನ್ನೇ ಆಧಾರವಾಗಿ ಇಟ್ಟುಕೊಂಡು ಪ್ರೋಟೀನಿಗೆ ಸರಿಯಾಗಿ ಮಡಚಿಕೊಳ್ಳಲು ಸಹಾಯ ಮಾಡುವ ಔಷಧಗಳನ್ನು ಮಾಡಿದರು. 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೂರು ಔಷಧಗಳ ಮಿಶ್ರಣ ಸಾವಿರಾರು ರೋಗಿಗಳ ಬದುಕನ್ನೇ ಬದಲಿಸಿತು. ಪ್ರೋಟೀನು ಎಲ್ಲಿ ಸಿಕ್ಕಿಹಾಕಿಕೊಂಡಿದೆ ಎಂದು ಗೊತ್ತಾಗದೆ ಇದ್ದಿದ್ದರೆ ಈ ಔಷಧ ಹುಟ್ಟುತ್ತಿರಲಿಲ್ಲ. ಬರೀ ಬಾಯಿಪಾಠದ ವಿಷಯ ಎಂದು ಇದನ್ನು ಪಕ್ಕಕ್ಕೆ ಇಡಬೇಡಿ ಎಂದು ನಾನು ಹೇಳುವುದು ಇದಕ್ಕೇ.

ಇನ್ಸುಲಿನ್ನಿಗೂ ಇಂಥ ತೊಂದರೆ ಇದೆ. ಕೆಲವು ಮಕ್ಕಳಿಗೆ ಹುಟ್ಟಿದ ಕೆಲವೇ ತಿಂಗಳಲ್ಲಿ ಮಧುಮೇಹ ಬರುತ್ತದೆ. ಅವರಲ್ಲಿ ಕೆಲವರ ಇನ್ಸುಲಿನ್ ಜೀನಿನಲ್ಲಿ ಒಂದು ಅಕ್ಷರದ ತಪ್ಪು. ಅದರಿಂದ ಪ್ರೋಟೀನು ಸರಿಯಾಗಿ ಮಡಚುವುದಿಲ್ಲ. ಜೀನಿನ ಎರಡು ಪ್ರತಿಗಳಲ್ಲಿ ಒಂದು ಸರಿ ಇದ್ದರೂ ಸಾಲದು. ಕೆಟ್ಟದ್ದು ಒಳ್ಳೆಯದಕ್ಕೂ ಅಂಟಿ, ಇ.ಆರ್. ತುಂಬಿ, ಕೊನೆಗೆ ಬೀಟಾ ಕೋಶವೇ ಸಾಯುತ್ತದೆ.

ಪರೀಕ್ಷೆ ಪಾಸಾದ ಪ್ರೋಟೀನು ಇ.ಆರ್.ನಿಂದ ಹೊರಡುವುದು ಸಣ್ಣ ಪೊರೆಚೀಲದಲ್ಲಿ. ಇ.ಆರ್. ಪೊರೆ ಒಂದು ಕಡೆ ಉಬ್ಬುತ್ತದೆ. ಅದರ ಹೊರಗೆ ಕಾಪ್-2 ಎಂಬ ಪ್ರೋಟೀನುಗಳ ಹೊದಿಕೆ ಸುತ್ತಿಕೊಳ್ಳುತ್ತದೆ. ಉಬ್ಬು ಕಳಚಿ ಚೀಲವಾಗುತ್ತದೆ. ಅಗಲ 60ರಿಂದ 80 ನ್ಯಾನೋಮೀಟರ್. ಒಂದು ಮಿಲಿಮೀಟರಿನಲ್ಲಿ ಹತ್ತು ಲಕ್ಷ ನ್ಯಾನೋಮೀಟರ್ ಎಂದು ಲೆಕ್ಕ ಹಾಕಿ ನೋಡಿ. ಚರ್ಮ, ಮೂಳೆಗಳಲ್ಲಿರುವ ಕೊಲಾಜೆನ್ ಮಾತ್ರ ಈ ಚೀಲಕ್ಕೆ ಹಿಡಿಸುವುದಿಲ್ಲ. ಅದು 300 ನ್ಯಾನೋಮೀಟರ್ ಉದ್ದದ ಗಟ್ಟಿ ಕಡ್ಡಿ. ಅದಕ್ಕಾಗಿ ಬೇರೆ ವ್ಯವಸ್ಥೆಯೇ ಇದೆ. ಕೊಲಾಜೆನ್ನಿನ ಮೂರು ಎಳೆಗಳು ಹೇಗೆ ಹೆಣೆದುಕೊಂಡಿವೆ ಎಂದು 1950ರ ದಶಕದಲ್ಲಿ ಮದ್ರಾಸಿನಲ್ಲಿ ತೋರಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತ. ಆ ಹೆಣಿಗೆ ನಡೆಯುವುದು ಇ.ಆರ್. ಒಳಗೇ. ಅದು ಗಟ್ಟಿಯಾಗಿ ನಿಲ್ಲಲು ವಿಟಮಿನ್ ಸಿ ಬೇಕು. ಇಲ್ಲದಿದ್ದರೆ ವಸಡಿನಲ್ಲಿ ರಕ್ತ ಬರುವ ಸ್ಕರ್ವಿ.

ಚೀಲಗಳು ಹುಟ್ಟಲು ಯಾವ ಯಾವ ಜೀನು ಬೇಕು ಎಂದು ಪತ್ತೆಯಾದದ್ದು ಹಿಟ್ಟು ಉಬ್ಬಿಸುವ ಯೀಸ್ಟಿನಿಂದ. ರ್‍ಯಾಂಡಿ ಶೆಕ್ಮನ್ ಮತ್ತು ಅವರ ವಿದ್ಯಾರ್ಥಿ ಪೀಟರ್ ನೋವಿಕ್, ಪ್ರೋಟೀನನ್ನು ಹೊರಗೆ ಹಾಕಲಾಗದ ಯೀಸ್ಟ್ ತಳಿಗಳನ್ನು ಹುಡುಕಿದರು. 1980ರ ಹೊತ್ತಿಗೆ ಇಂಥ 23 ಜೀನುಗಳು ಸಿಕ್ಕಿದವು. ಮನುಷ್ಯರಲ್ಲೂ ಹೆಚ್ಚುಕಡಿಮೆ ಇದೇ ಜೀನುಗಳು. ಶೆಕ್ಮನ್, ಜೇಮ್ಸ್ ರಾತ್‌ಮನ್, ಥಾಮಸ್ ಸುಡೋಫ್ ಮೂವರಿಗೆ 2013ರ ನೊಬೆಲ್.

ಇನ್ನು ನಿಮ್ಮ ಗಾಲ್ಜಿ. 1898ರಲ್ಲಿ ಇಟಲಿಯ ಕ್ಯಾಮಿಲ್ಲೋ ಗಾಲ್ಜಿ ಗೂಬೆಯ ಮಿದುಳಿನ ನರಕೋಶದಲ್ಲಿ ಒಂದು ಬಲೆಯಂಥ ರಚನೆ ನೋಡಿದರು. ಅದು ನಿಜವಾಗಿ ಇದೆಯಾ ಅಥವಾ ಬಣ್ಣ ಹಾಕಿದ್ದರಿಂದ ಹಾಗೆ ಕಾಣುತ್ತದಾ ಎಂಬ ಜಗಳ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬರುವವರೆಗೂ, ಅಂದರೆ 1950ರ ದಶಕದವರೆಗೂ ನಡೆಯಿತು. ಪ್ರೋಟೀನು ಇ.ಆರ್.ನಿಂದ ಗಾಲ್ಜಿಗೆ, ಅಲ್ಲಿಂದ ಹೊರಗೆ ಹೋಗುತ್ತದೆ ಎಂದು ತೋರಿಸಿದ್ದು ಜಾರ್ಜ್ ಪಲಾಡೆ ಮತ್ತು ಜೇಮೀಸನ್. 1960ರ ದಶಕದಲ್ಲಿ ಗಿನಿಯಿಲಿಯ ಪ್ಯಾಂಕ್ರಿಯಾಸಿನ ತೆಳು ಹೋಳುಗಳಿಗೆ ವಿಕಿರಣ ಇರುವ ಅಮೈನೋ ಆಮ್ಲವನ್ನು ಮೂರು ನಿಮಿಷ ಕೊಟ್ಟು ನಿಲ್ಲಿಸಿದರು. ಮೂರು ನಿಮಿಷಕ್ಕೆ ಅದು ಇ.ಆರ್.ನಲ್ಲಿ. ಸುಮಾರು ಕಾಲು ಗಂಟೆ ಕಳೆದಾಗ ಗಾಲ್ಜಿಯಲ್ಲಿ. ಎರಡು ಗಂಟೆ ಹೊತ್ತಿಗೆ ಹೊರಗೆ ಹೋಗಲು ತಯಾರಾಗಿ ನಿಂತ ಕಣಗಳಲ್ಲಿ. ಇಷ್ಟು ಸರಳ ಪ್ರಯೋಗದಿಂದ ಇಡೀ ದಾರಿ ಗೊತ್ತಾಯಿತು. ಜೀವಶಾಸ್ತ್ರದಲ್ಲಿ ನಾನು ಮೆಚ್ಚುವ ಪ್ರಯೋಗಗಳ ಸಾಲಿನಲ್ಲಿ ಇದಕ್ಕೆ ಮೊದಲ ಜಾಗ.

ಗಾಲ್ಜಿ ಪ್ಯಾಕಿಂಗ್ ಜಾಗ ಎಂಬ ಮಾತು ತಪ್ಪಲ್ಲ, ಅರ್ಧ. ಅದರ ಇನ್ನೊಂದು ದೊಡ್ಡ ಕೆಲಸ ಸಕ್ಕರೆಯ ಗೊಂಚಲುಗಳನ್ನು ಕತ್ತರಿಸಿ ಹೊಸ ಸಕ್ಕರೆ ಸೇರಿಸುವುದು. ಇದರ ಫಲ ನಿಮ್ಮ ಗುರುತಿನ ಚೀಟಿಯಲ್ಲೇ ಇರಬಹುದು. ನಿಮ್ಮ ರಕ್ತದ ಗುಂಪು ಎ ಆಗಿದ್ದರೆ, ನಿಮ್ಮ ಗಾಲ್ಜಿಯಲ್ಲಿರುವ ಒಂದು ಕಿಣ್ವ ಗೊಂಚಲಿನ ತುದಿಗೆ ಒಂದು ಬಗೆಯ ಸಕ್ಕರೆ ಅಂಟಿಸುತ್ತದೆ. ಬಿ ಆದರೆ ಇನ್ನೊಂದು ಬಗೆ. 354 ಅಮೈನೋ ಆಮ್ಲಗಳ ಆ ಕಿಣ್ವದಲ್ಲಿ ಎ ಮತ್ತು ಬಿ ನಡುವೆ ಇರುವ ಮುಖ್ಯ ವ್ಯತ್ಯಾಸ ಬರೀ ನಾಲ್ಕರದ್ದು. ಒ ಗುಂಪಿನವರಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ. ಇದಕ್ಕೂ ಹಿಂದಿನ ಮೆಟ್ಟಿಲಿನ ಕಿಣ್ವವೇ ಇಲ್ಲದವರೂ ಇದ್ದಾರೆ. 1952ರಲ್ಲಿ ಮುಂಬಯಿಯ ವೈದ್ಯ ವೈ. ಎಂ. ಭೆಂಡೆ ಮತ್ತು ಜೊತೆಯವರು ಇಂಥವರನ್ನು ಗುರುತಿಸಿದರು. ಅದಕ್ಕೇ ಅದು ಬಾಂಬೆ ರಕ್ತದ ಗುಂಪು. ಇವರಿಗೆ ಒ ರಕ್ತವೂ ಆಗುವುದಿಲ್ಲ, ಇನ್ನೊಬ್ಬ ಬಾಂಬೆ ಗುಂಪಿನವರದ್ದೇ ಬೇಕು.

ತಪ್ಪಿ ಬೇರೆ ಕಡೆ ಹೋದರೆ ಏನಾಗುತ್ತದೆ ಎಂದು ಕೇಳಿದಿರಿ. ಇದಕ್ಕೆ ಗಾಲ್ಜಿಯಲ್ಲೇ ಉತ್ತರವಿದೆ. ಕೋಶದ ಕಸವನ್ನು ಜೀರ್ಣ ಮಾಡುವ ಚೀಲ ಲೈಸೋಸೋಮ್. ಅಲ್ಲಿಗೆ ಹೋಗುವ ಹೆಚ್ಚಿನ ಕಿಣ್ವಗಳಿಗೆ ಗಾಲ್ಜಿ ಒಂದು ಫಾಸ್ಫೇಟ್ ಸೇರಿಸಿ ಮ್ಯಾನೋಸ್-6-ಫಾಸ್ಫೇಟ್ ಎಂಬ ಗುರುತು ಹಾಕುತ್ತದೆ. ಈ ಗುರುತು ಹಾಕುವ ಕಿಣ್ವವೇ ಇಲ್ಲದೆ ಕೆಲವು ಮಕ್ಕಳು ಹುಟ್ಟುತ್ತಾರೆ. ಅವರಲ್ಲಿ ಲೈಸೋಸೋಮಿನ ಕಿಣ್ವಗಳು ತಯಾರಾಗುತ್ತವೆ. ಸರಿಯಾಗಿಯೇ ಮಡಚಿಕೊಳ್ಳುತ್ತವೆ. ಗುರುತು ಇಲ್ಲದ್ದರಿಂದ ಕೋಶದ ಹೊರಗೆ, ರಕ್ತಕ್ಕೆ ಹೋಗಿಬಿಡುತ್ತವೆ. ಒಳಗೆ ಕಸ ತುಂಬುತ್ತದೆ. ಮೂಳೆ, ಹೃದಯ, ಬುದ್ಧಿ ಎಲ್ಲಕ್ಕೂ ಪೆಟ್ಟು. ಐ-ಸೆಲ್ ಕಾಯಿಲೆ ಎನ್ನುತ್ತಾರೆ. ತುಂಬಾ ಅಪರೂಪ. ಹೆಚ್ಚಿನ ಮಕ್ಕಳು ಬಾಲ್ಯ ದಾಟುವುದಿಲ್ಲ. ಒಂದೇ ಒಂದು ಫಾಸ್ಫೇಟ್ ಇಲ್ಲದ್ದಕ್ಕೆ ಇಷ್ಟೆಲ್ಲಾ.

ಗುರುತುಗಳನ್ನು ಕದಿಯುವ ರೋಗಾಣುಗಳೂ ಇವೆ. ಇ.ಆರ್.ನಲ್ಲೇ ಇರಬೇಕಾದ ಬಹಳಷ್ಟು ಪ್ರೋಟೀನುಗಳ ಬಾಲದಲ್ಲಿ ಲೈಸಿನ್, ಆಸ್ಪಾರ್ಟೇಟ್, ಗ್ಲುಟಮೇಟ್, ಲ್ಯೂಸಿನ್ ಎಂಬ ನಾಲ್ಕು ಅಮೈನೋ ಆಮ್ಲಗಳಿರುತ್ತವೆ. ಅವು ತಪ್ಪಿ ಗಾಲ್ಜಿಗೆ ಹೋದರೂ ಈ ಬಾಲ ನೋಡಿ ವಾಪಸ್ ತರಲಾಗುತ್ತದೆ. ಕಾಲರಾ ವಿಷದ ಬಾಲದಲ್ಲೂ ಇದೇ ನಾಲ್ಕು! ಕರುಳಿನ ಕೋಶದ ಹೊರಗೆ ಅಂಟಿದ ವಿಷ ಹಿಂದೆ ಹಿಂದೆ ಸಾಗಿ ಇ.ಆರ್. ಸೇರುತ್ತದೆ. ಅಲ್ಲಿ ಕೆಟ್ಟು ಹೋದ ಪ್ರೋಟೀನಿನ ಹಾಗೆ ನಟಿಸಿ, ಕಸ ಹೊರಗೆ ಹಾಕುವ ದಾರಿಯಲ್ಲೇ ಕೋಶದ ದ್ರವಕ್ಕೆ ನುಸುಳುತ್ತದೆ. ಕಾಲರಾ ಬರುವುದು ಒಂದು ವಿಷದಿಂದ ಎಂದು 1959ರಲ್ಲಿ ಕೋಲ್ಕತ್ತದಲ್ಲಿ ತೋರಿಸಿದವರು ಶಂಭುನಾಥ್ ದೇ. ಅವರ ಹೆಸರು ನಮ್ಮ ಎಲ್ಲಾ ಶಾಲಾ ಪುಸ್ತಕದಲ್ಲೂ ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ.

ಇನ್ಸುಲಿನ್ನಿಗೆ ವಾಪಸ್ ಬರೋಣ. ಇ.ಆರ್.ನಲ್ಲಿ 24 ಹೋದ ಮೇಲೆ 86 ಉಳಿಯಿತು. ಇದು ಪ್ರೋಇನ್ಸುಲಿನ್. 1967ರಲ್ಲಿ ಡೊನಾಲ್ಡ್ ಸ್ಟೈನರ್ ಕಂಡುಹಿಡಿದದ್ದು. ಗಾಲ್ಜಿಯ ಕೊನೆಯಲ್ಲಿ ಇದನ್ನು ವಿಶೇಷ ಚೀಲಗಳಿಗೆ ತುಂಬಲಾಗುತ್ತದೆ. ಚೀಲದೊಳಗೆ ಆಮ್ಲ ಜಾಸ್ತಿಯಾಗುತ್ತಾ ಹೋಗುತ್ತದೆ. ಆಗ ಕತ್ತರಿಸುವ ಕಿಣ್ವಗಳು ಚುರುಕಾಗಿ ನಡುವಿನ 31 ಅಮೈನೋ ಆಮ್ಲಗಳ ತುಂಡನ್ನು ತೆಗೆಯುತ್ತವೆ. ಅದು ಸಿ-ಪೆಪ್ಟೈಡ್. ಜೊತೆಗೆ ಇನ್ನೂ ನಾಲ್ಕು ಹೋಗುತ್ತವೆ. ಉಳಿದದ್ದು 51. ಲೆಕ್ಕ ಸರಿ ಹೋಯಿತಲ್ಲ? ನಡುವಿನ ತುಂಡು ದಂಡ ಅಂದುಕೊಳ್ಳಬೇಡಿ. ಅದು ಇದ್ದದ್ದರಿಂದಲೇ ಎಳೆ ಸರಿಯಾಗಿ ಮಡಚಿಕೊಂಡದ್ದು.

ಸಿ-ಪೆಪ್ಟೈಡ್ ಚೀಲದಲ್ಲೇ ಉಳಿದು ಇನ್ಸುಲಿನ್ ಜೊತೆಗೇ ರಕ್ತಕ್ಕೆ ಬರುತ್ತದೆ. ಡಾಕ್ಟರು ಕೆಲವೊಮ್ಮೆ ಸಿ-ಪೆಪ್ಟೈಡ್ ಟೆಸ್ಟ್ ಬರೆಯುವುದು ಇದಕ್ಕೇ. ಚುಚ್ಚಿದ ಇನ್ಸುಲಿನ್ನಿನಲ್ಲಿ ಸಿ-ಪೆಪ್ಟೈಡ್ ಇರುವುದಿಲ್ಲ. ಹಾಗಾಗಿ ರಕ್ತದಲ್ಲಿ ಅದು ಸಿಕ್ಕಿದರೆ, ಅಷ್ಟು ಇನ್ಸುಲಿನ್ ರೋಗಿಯ ಸ್ವಂತ ಪ್ಯಾಂಕ್ರಿಯಾಸ್ ಮಾಡಿದ್ದು ಎಂದು ಗೊತ್ತಾಗುತ್ತದೆ.

ಚೀಲದೊಳಗೆ ಆರು ಇನ್ಸುಲಿನ್ ಅಣುಗಳು ಸತುವಿನ ಅಯಾನುಗಳ ಸುತ್ತ ಒಟ್ಟಾಗಿ ಹರಳುಗಟ್ಟುತ್ತವೆ. ಒಂದು ಬೀಟಾ ಕೋಶದಲ್ಲಿ ಇಂಥ ಸುಮಾರು ಹತ್ತು ಸಾವಿರ ಚೀಲಗಳು ಕಾದು ನಿಂತಿರುತ್ತವೆ. ಅವನ್ನು ಪೊರೆಯ ಹತ್ತಿರ ತರುವುದು ಕೈನೆಸಿನ್ ಎಂಬ ಪ್ರೋಟೀನು. ಕೋಶದೊಳಗೆ ಹರಡಿರುವ ಸೂಕ್ಷ್ಮ ಕೊಳವೆಗಳ ಮೇಲೆ ಒಂದೊಂದು ಹೆಜ್ಜೆಗೆ 8 ನ್ಯಾನೋಮೀಟರ್ ಮುಂದೆ ಹೋಗುತ್ತದೆ. ಹೆಜ್ಜೆಗೆ ಒಂದು ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಖರ್ಚು. ನರಕೋಶಗಳಲ್ಲಿ ಇದೇ ಬಗೆಯ ಪ್ರೋಟೀನುಗಳು ದಿನಕ್ಕೆ 400 ಮಿಲಿಮೀಟರ್ ವರೆಗೂ ಸಾಗಿಸುತ್ತವೆ. ಬೆನ್ನುಹುರಿಯಿಂದ ಕಾಲಿನ ಬೆರಳಿಗೆ ತಲುಪಲು ಅಂದರೂ ಎರಡು ಮೂರು ದಿನ ಬೇಕು.

ಊಟವಾಗಿ ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಅದು ಬೀಟಾ ಕೋಶದೊಳಗೂ ಹೋಗುತ್ತದೆ. ಎಟಿಪಿ ಜಾಸ್ತಿಯಾಗುತ್ತದೆ. ಪೊಟ್ಯಾಸಿಯಂ ಹೊರಗೆ ಹೋಗುವ ರಂಧ್ರಗಳು ಮುಚ್ಚುತ್ತವೆ. ಅದರಿಂದ ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಕ್ಯಾಲ್ಸಿಯಂ ಬಂದ ಕೂಡಲೇ ಚೀಲದ ಪೊರೆಯಲ್ಲಿರುವ ಸ್ನೇರ್ ಪ್ರೋಟೀನುಗಳೂ ಕೋಶದ ಪೊರೆಯಲ್ಲಿರುವ ಸ್ನೇರ್ ಪ್ರೋಟೀನುಗಳೂ ಒಂದಕ್ಕೊಂದು ಹುರಿಗೊಂಡು ಎರಡು ಪೊರೆಗಳನ್ನು ಎಳೆದು ಒಂದು ಮಾಡುತ್ತವೆ. ಇನ್ಸುಲಿನ್ ಹೊರಗೆ. ಅಜ್ಜಿ ತೆಗೆದುಕೊಳ್ಳುವ ಮಾತ್ರೆ ಗ್ಲಿಮೆಪಿರೈಡ್ ಆಗಿದ್ದರೆ, ಅದು ಇದೇ ಪೊಟ್ಯಾಸಿಯಂ ರಂಧ್ರವನ್ನು ಮುಚ್ಚುತ್ತದೆ. ಗ್ಲೂಕೋಸ್ ಅಷ್ಟಾಗಿ ಇಲ್ಲದಾಗಲೂ ಮುಚ್ಚುತ್ತದೆ. ಮಾತ್ರೆ ತಿಂದು ಊಟ ಬಿಟ್ಟರೆ ತಲೆ ಸುತ್ತಿ ಬೆವರುವುದು ಇದರಿಂದ. ಅವರಿಗೆ ಇದನ್ನು ಖಂಡಿತ ಹೇಳಿ. ಮೆಟ್‌ಫಾರ್ಮಿನ್ ಹಾಗಲ್ಲ, ಅದು ಮುಖ್ಯವಾಗಿ ಲಿವರಿನಲ್ಲಿ ಕೆಲಸ ಮಾಡುವಂಥದ್ದು.

ಸ್ನೇರ್ ಕತ್ತರಿಸಿಹೋದರೆ ಏನಾಗುತ್ತದೆ ಎಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು, ಬೇರೆ ಹೆಸರಿನಲ್ಲಿ. ಧನುರ್ವಾಯು. ತೋಟದಲ್ಲಿ ಕಾಲಿಗೆ ಮುಳ್ಳೋ ಮೊಳೆಯೋ ಹೊಕ್ಕರೆ ಟಿಟಿ ಹಾಕಿಸಿಕೊಳ್ಳಿ ಎನ್ನುವುದು ಇದಕ್ಕೇ. ಗಾಯದಲ್ಲಿ ಬೆಳೆಯುವ ಬ್ಯಾಕ್ಟೀರಿಯಾದ ವಿಷ ನರದ ಉದ್ದಕ್ಕೂ ಬೆನ್ನುಹುರಿಗೆ ಸಾಗಿ, ಅಲ್ಲಿ ಒಂದು ಸ್ನೇರ್ ಪ್ರೋಟೀನನ್ನು ಕತ್ತರಿಸುತ್ತದೆ. ಸ್ನಾಯುಗಳನ್ನು ಸಡಿಲ ಬಿಡು ಎನ್ನುವ ಸಂದೇಶದ ಚೀಲಗಳು ತೆರೆಯುವುದಿಲ್ಲ. ಮೈಯೆಲ್ಲಾ ಬಿಗಿಯುತ್ತದೆ.

ಕೊನೆಗೆ ಅಜ್ಜಿಯ ಪ್ರಶ್ನೆ. ಪ್ಯಾಂಕ್ರಿಯಾಸಿನ ಬೇರೆ ಕೋಶಗಳು ಟ್ರಿಪ್ಸಿನೋಜೆನ್ ಮುಂತಾದ ಜೀರ್ಣದ ಪ್ರೋಟೀನುಗಳನ್ನು ಇದೇ ಇ.ಆರ್., ಗಾಲ್ಜಿ ದಾರಿಯಲ್ಲಿ ತಯಾರಿಸಿ ಕರುಳಿಗೆ ಬಿಡುತ್ತವೆ. ಕರುಳಿಗೆ ಬಂದ ಮೇಲೆ ಅವು ಚುರುಕಾಗಿ, ಎದುರು ಸಿಕ್ಕಿದ ಪ್ರೋಟೀನನ್ನೆಲ್ಲಾ ಕತ್ತರಿಸುತ್ತವೆ. ಬೇಳೆಯ ಪ್ರೋಟೀನು, ಮೀನಿನ ಪ್ರೋಟೀನು, ಇನ್ಸುಲಿನ್ ಎಂದು ಭೇದ ಮಾಡುವುದಿಲ್ಲ. ಅಷ್ಟಕ್ಕೂ ಕತ್ತರಿಸದೆ ಉಳಿದ ಇನ್ಸುಲಿನ್ ಕರುಳಿನ ಗೋಡೆ ದಾಟಿ ರಕ್ತಕ್ಕೆ ಹೋಗುವುದು ಬಹಳ ಕಡಿಮೆ, ಅಣು ದೊಡ್ಡದಲ್ಲವಾ. ಅದಕ್ಕೇ ಚರ್ಮದ ಅಡಿಗೆ ಚುಚ್ಚುವುದು. ಹಿಂದೆ ಹಂದಿ ಮತ್ತು ದನದ ಪ್ಯಾಂಕ್ರಿಯಾಸಿನಿಂದ ಇನ್ಸುಲಿನ್ ತೆಗೆಯುತ್ತಿದ್ದರು. ಮನುಷ್ಯರ ಜೀನನ್ನು ಬ್ಯಾಕ್ಟೀರಿಯಾಕ್ಕೆ ಹಾಕಿ ತಯಾರಿಸಿದ್ದು ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಬ್ಯಾಕ್ಟೀರಿಯಾದಲ್ಲಿ ಇ.ಆರ್. ಇಲ್ಲ, ಆದ್ದರಿಂದ ಮಡಚುವ ಕೆಲಸವನ್ನು ಹೊರಗೆ ಬೇರೆಯಾಗಿ ಮಾಡಬೇಕು. ಯೀಸ್ಟಿನಲ್ಲಿ ಇ.ಆರ್. ಇದೆ. ಜೀನಿನ ಮುಂದೆ ಒಂದು ಸಿಗ್ನಲ್ ಪೆಪ್ಟೈಡ್ ಜೋಡಿಸಿಕೊಟ್ಟರೆ ಯೀಸ್ಟೇ ಅದನ್ನು ಮಡಚಿ ಹೊರಗೆ ಹಾಕುತ್ತದೆ. ಬೆಂಗಳೂರಿನ ಬಯೋಕಾನ್ 2004ರಲ್ಲಿ ತಂದ ಮನುಷ್ಯ ಇನ್ಸುಲಿನ್ ತಯಾರಾದದ್ದು ಪಿಕಿಯಾ ಎಂಬ ಯೀಸ್ಟಿನಲ್ಲಿ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಇಷ್ಟು ಕಷ್ಟಪಟ್ಟು ಮಡಚಿದ ಆಕಾರ ಬಿಸಿಗೂ ಹಾಳಾಗುತ್ತದೆ, ಹೆಪ್ಪುಗಟ್ಟಿದರೂ ಹಾಳಾಗುತ್ತದೆ. ತೆರೆಯದ ಬಾಟಲಿ ಫ್ರಿಜ್ಜಿನಲ್ಲಿ ಇರಲಿ, ಫ್ರೀಜರಿನಲ್ಲಿ ಬೇಡ, ಫ್ರೀಜರಿನ ಗೋಡೆಗೆ ತಾಗಿಯೂ ಬೇಡ. ತೆರೆದದ್ದನ್ನು ಸಾಮಾನ್ಯವಾಗಿ ನಾಲ್ಕು ವಾರದೊಳಗೆ ಮುಗಿಸಬೇಕು, ಪೆಟ್ಟಿಗೆಯ ಮೇಲೆ ಬರೆದದ್ದನ್ನೂ ನೋಡಿಕೊಳ್ಳಿ. ಏಪ್ರಿಲ್, ಮೇ ಸೆಕೆಗೆ ಕರೆಂಟು ಇಡೀ ದಿನ ಹೋದರೆ, ಒದ್ದೆ ಮಾಡಿದ ಮಣ್ಣಿನ ಮಡಕೆಯೊಳಗೆ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ನೆರಳಿನಲ್ಲಿಡಿ. ತಿಳಿಯಾಗಿ ಇರಬೇಕಾದ ಇನ್ಸುಲಿನ್ ಕದಡಿದಂತೆ ಕಂಡರೆ ಅಥವಾ ತಳದಲ್ಲಿ ಚೂರು ಚೂರು ನಿಂತಿದ್ದರೆ ಅದನ್ನು ಚುಚ್ಚಬಾರದು, ಹೊಸ ಬಾಟಲಿ ತೆಗೆಯಬೇಕು. ಕೆಲವು ಬಗೆಯ ಇನ್ಸುಲಿನ್ ಮೊದಲಿನಿಂದಲೇ ಹಾಲಿನ ಬಣ್ಣದ್ದು. ಅಜ್ಜಿಯದ್ದು ಯಾವ ಬಗೆ ಎಂದು ಮೆಡಿಕಲ್ ಶಾಪಿನಲ್ಲಿ ಒಮ್ಮೆ ಕೇಳಿ ತಿಳಿದುಕೊಳ್ಳಿ.